ಹಳೇ ಗಾಡಿಗೆ ಮತ್ತೆ ಲಕ್ಷ ಸುರಿಯಬೇಕೆ?

ಮಳೆಗಾಲಕ್ಕೆ ಮುಂಚಿನ ದಿನಗಳಲ್ಲಿ ಸೊರಬದ್ದೋ ಶಿರಾಳಕೊಪ್ಪದ್ದೋ ಯಾವುದಾದರೂ ಗ್ಯಾರೇಜಿನ ಮುಂದೆ ಸ್ವಲ್ಪ ಹೊತ್ತು ನಿಂತರೆ ಒಂದು ಲೆಕ್ಕ ಕಿವಿಗೆ ಬಿದ್ದೇ ಬೀಳುತ್ತದೆ. ‘ಇಂಜಿನ್ ಕೆಲಸಕ್ಕೆ ಒಂದೂಕಾಲು ಲಕ್ಷ ಆಗ್ತದಂತೆ. ಗಾಡಿ ಮಾರಿದ್ರೆ ಎರಡು ಲಕ್ಷ ಬರೋದೂ ಅನುಮಾನ. ಇದಕ್ಕೆ ಅಷ್ಟು ಸುರಿಯೋ ಬದಲು ಹೊಸದೇ ತಗೊಂಡ್ರಾಯ್ತಲ್ಲ?’ ಸುತ್ತ ನಿಂತವರೂ ಹೌದೆಂದು ತಲೆಯಾಡಿಸುತ್ತಾರೆ. ಮಾತು ಸರಿಯಾಗಿಯೇ ಕೇಳಿಸುತ್ತದೆ, ಲೆಕ್ಕ ಮಾತ್ರ ಸರಿಯಿಲ್ಲ. ರಿಪೇರಿಯ ಖರ್ಚನ್ನು ಹಳೇ ಗಾಡಿಯ ಮಾರಾಟದ ಬೆಲೆಯ ಜೊತೆ ತೂಗಿದರೆ ಏನೂ ತಿಳಿಯುವುದಿಲ್ಲ. ತೂಗಬೇಕಾದದ್ದು, ಇನ್ನು ಮೂರು ವರ್ಷ ಈ ಗಾಡಿಯನ್ನು ಇಟ್ಟುಕೊಂಡರೆ ವರ್ಷಕ್ಕೆ ಎಷ್ಟು ಬೀಳುತ್ತದೆ, ಬೇರೆ ತಂದರೆ ವರ್ಷಕ್ಕೆ ಎಷ್ಟು ಬೀಳುತ್ತದೆ ಎಂಬ ಎರಡನ್ನು.

ಗುಡವಿ ಎಂದರೆ ಹೊರಗಿನವರಿಗೆ ಪಕ್ಷಿಧಾಮ, ಮಳೆ ಹಿಡಿದ ಮೇಲೆ ಕೆರೆಯ ಮರಗಳ ತುಂಬ ಗೂಡು ಕಟ್ಟುವ ಬೆಳ್ಳಕ್ಕಿ, ಕೆಂಬರಲುಗಳ ಊರು. ಸುತ್ತಲಿನ ಹಳ್ಳಿಗಳವರಿಗೆ ಅದು ಸೊರಬ ಪೇಟೆಯಿಂದ ಹದಿನೈದು ಕಿಲೋಮೀಟರ್ ಆಚೆಗಿರುವ ಜಾಗ. ಮಂಡಿಗೆ ಅಡಿಕೆ ಹೋಗುವುದು, ಶಿರಸಿ ಆಸ್ಪತ್ರೆಗೆ ಅಜ್ಜಿ ಹೋಗುವುದು, ಬನವಾಸಿ ದೇವಸ್ಥಾನಕ್ಕೆ ನೆಂಟರು ಹೋಗುವುದು, ಗೊಬ್ಬರದ ಚೀಲ ಮನೆಗೆ ಬರುವುದು ಎಲ್ಲ ಒಂದೇ ಗಾಡಿಯಲ್ಲಿ. ಈ ಭಾಗದ ಎರಡು ತಾಲ್ಲೂಕುಗಳು ರಾಜ್ಯಕ್ಕೆ ಒಬ್ಬೊಬ್ಬ ಮುಖ್ಯಮಂತ್ರಿಯನ್ನು ಕೊಟ್ಟಿವೆ, ಸೊರಬ ಬಂಗಾರಪ್ಪನವರನ್ನು, ಶಿಕಾರಿಪುರ ಯಡಿಯೂರಪ್ಪನವರನ್ನು. ಹೆದ್ದಾರಿಗಳು ಪರವಾಗಿಲ್ಲ ಎನ್ನುವಂತಾಗಿರುವುದೂ ನಿಜ. ಆದರೆ ಹೆದ್ದಾರಿ ಬಿಟ್ಟು ತೋಟದ ದಾರಿಗೆ ಇಳಿದ ಮೇಲೆ ನೆಲದಿಂದ ಎತ್ತರ ಇರುವ ಗಾಡಿಯೇ ಬೇಕು. ಅದಕ್ಕೇ ಇಲ್ಲಿ ಬೊಲೆರೊ, ಸ್ಕಾರ್ಪಿಯೊ, ಸುಮೊ, ಕ್ವಾಲಿಸ್ ಇಷ್ಟೊಂದು. ಪೇಟೆಯವರು ಇವನ್ನೆಲ್ಲ ಎಸ್‌ಯುವಿ ಎನ್ನುತ್ತಾರೆ. ಇಲ್ಲಿ ಬರೀ ಗಾಡಿ, ಇಲ್ಲವೇ ಜೀಪು.

ಈ ಗಾಡಿಗಳ ವಯಸ್ಸಿಗೂ ಅಡಿಕೆ ಧಾರಣೆಗೂ ನಂಟಿದೆ. 2014ರಲ್ಲಿ ಧಾರಣೆ ಹಿಂದೆ ಕಾಣದ ಎತ್ತರಕ್ಕೆ ಏರಿದಾಗ ಮಲೆನಾಡಿನ ಎಷ್ಟೋ ಅಂಗಳಗಳಿಗೆ ಹೊಸ ಗಾಡಿ ಬಂತು. ಆ ಗಾಡಿಗಳಿಗೆ ಈಗ ಹತ್ತು ವರ್ಷ ದಾಟಿದೆ. ಕ್ಲಚ್ಚು ಎರಡನೇ ಸಲ ಹೋಗಿದೆ, ಟರ್ಬೊ ಶಿಳ್ಳೆ ಹಾಕುತ್ತಿದೆ, ಏರು ಹತ್ತುವಾಗ ಹಿಂದೆ ಹೊಗೆ. ಹಾಗಾಗಿ ಈ ಪ್ರಶ್ನೆ ಒಂದೆರಡು ಮನೆಗಳದ್ದಲ್ಲ.

ಒಂದು ಲೆಕ್ಕ ಹಾಕಿ ನೋಡೋಣ. ಅಂಕಿಗಳು ಅಂದಾಜಿನವು, ನಿಮ್ಮ ಗಾಡಿಯ ಅಂಕಿಗಳನ್ನು ಅದೇ ಜಾಗದಲ್ಲಿ ಇಟ್ಟುಕೊಳ್ಳಿ. ಸುಮಾರು ಹನ್ನೆರಡು ವರ್ಷದ ಸ್ಕಾರ್ಪಿಯೊ ಇದೆ, ವರ್ಷಕ್ಕೆ 12,000 ಕಿಲೋಮೀಟರ್ ಓಡುತ್ತದೆ ಎಂದಿಟ್ಟುಕೊಳ್ಳಿ. ಈಗಿರುವ ಸ್ಥಿತಿಯಲ್ಲಿ ಮಾರಿದರೆ 1.8 ಲಕ್ಷ ಬಂದೀತು. ಇಂಜಿನ್ ಕೆಲಸಕ್ಕೆ ಗ್ಯಾರೇಜಿನವರು 1.2 ಲಕ್ಷ ಹೇಳಿದ್ದಾರೆ. ಇಂಜಿನ್ ಬಿಚ್ಚಿದ ಮೇಲೆ ಖರ್ಚು ಹೇಳಿದ ಮೊತ್ತಕ್ಕೆ ನಿಲ್ಲುವುದು ಅಪರೂಪ, ಅದಕ್ಕೆ 1.5 ಲಕ್ಷ ಎಂದೇ ಹಿಡಿಯಿರಿ. ಮೂರು ವರ್ಷಕ್ಕೆ ಹಂಚಿದರೆ ವರ್ಷಕ್ಕೆ 50,000. ಉಳಿದ ಸಣ್ಣಪುಟ್ಟ ರಿಪೇರಿ, ಸರ್ವಿಸಿಗೆ ವರ್ಷಕ್ಕೆ 35,000. ಥರ್ಡ್ ಪಾರ್ಟಿ ವಿಮೆ 1500 ಸಿಸಿ ಮೀರಿದ ಖಾಸಗಿ ಕಾರಿಗೆ 7,897 ರೂಪಾಯಿ, ಜಿಎಸ್‌ಟಿ ಸೇರಿ 9,300ರ ಸುತ್ತ. ಮೂರು ವರ್ಷ ಬಿಟ್ಟು ಮಾರಿದರೆ 1.2 ಲಕ್ಷ ಬಂತು ಎನ್ನಿ. ಬೆಲೆ ಇಳಿದದ್ದು ವರ್ಷಕ್ಕೆ 20,000. ಎಲ್ಲ ಕೂಡಿದರೆ ವರ್ಷಕ್ಕೆ 1 ಲಕ್ಷ 14 ಸಾವಿರ ಚಿಲ್ಲರೆ.

ಈಗ ಹೊಸದು. ರಸ್ತೆಗೆ ಇಳಿಯುವಾಗ 13 ಲಕ್ಷ ಆಗುವ ಗಾಡಿ ಎನ್ನಿ. ಮೂರು ವರ್ಷದ ಮೇಲೆ ಅದಕ್ಕೆ ಎಂಟೂವರೆ ಲಕ್ಷ ಬಂದರೆ ಒಳ್ಳೆಯ ಬೆಲೆಯೇ ಬಂತು. ಅಲ್ಲಿಗೆ ಸವಕಳಿಯೇ ವರ್ಷಕ್ಕೆ ಒಂದೂವರೆ ಲಕ್ಷ. 8 ಲಕ್ಷ ಸಾಲವನ್ನು ಶೇ 9.5ರ ಬಡ್ಡಿಗೆ ಐದು ವರ್ಷಕ್ಕೆ ತೆಗೆದರೆ ತಿಂಗಳ ಕಂತು 16,800. ಮೊದಲ ಮೂರು ವರ್ಷದಲ್ಲಿ ಬರೀ ಬಡ್ಡಿಗೆ ಹೋಗುವುದು 1.7 ಲಕ್ಷ, ವರ್ಷಕ್ಕೆ 57,000. ವಿಮೆ, ಸರ್ವಿಸ್ ಸೇರಿ ಇನ್ನೊಂದು 32,000. ಹೊಸ ಗಾಡಿ ಲೀಟರಿಗೆ 11ರ ಬದಲು 14 ಕಿಲೋಮೀಟರ್ ಕೊಟ್ಟರೆ, ಡೀಸೆಲ್ 90 ರೂಪಾಯಿ ಎಂದು ಹಿಡಿದು, ವರ್ಷಕ್ಕೆ 21,000 ಉಳಿಯುತ್ತದೆ. ಅದನ್ನು ಕಳೆದರೂ ವರ್ಷಕ್ಕೆ 2 ಲಕ್ಷ 18 ಸಾವಿರ.

ಅಂತರ ವರ್ಷಕ್ಕೆ ಒಂದು ಲಕ್ಷ. ಎಂದರೆ, ಇಂಜಿನ್ ಮಾಡಿಸಿದ ಮೇಲೂ ಹಳೇ ಗಾಡಿ ಪ್ರತಿ ವರ್ಷ ಇನ್ನೊಂದು ಲಕ್ಷದ ಅನಿರೀಕ್ಷಿತ ರಿಪೇರಿ ಕೇಳಿದರೆ ಮಾತ್ರ ಹೊಸದರ ಖರ್ಚಿಗೆ ಸಮ. ‘ರಿಪೇರಿಗೆ ಸುರಿದು ಸುರಿದು ಸಾಕಾಯ್ತು’ ಎನ್ನುವವರು ರಿಪೇರಿಯ ಬಿಲ್ಲನ್ನು ಕಣ್ಣಾರೆ ನೋಡುತ್ತಾರೆ. ಸವಕಳಿಗೆ ಬಿಲ್ಲು ಬರುವುದಿಲ್ಲ, ಮಾರುವ ದಿನದವರೆಗೆ ಅದು ಕಾಣುವುದೂ ಇಲ್ಲ. ವರ್ಷಕ್ಕೆ 30,000 ಕಿಲೋಮೀಟರ್ ಓಡಿಸುವವರ ಲೆಕ್ಕ ಬೇರೆ. ಅವರಿಗೆ ಡೀಸೆಲಿನಲ್ಲೇ 50,000ಕ್ಕೂ ಹೆಚ್ಚು ಉಳಿಯುತ್ತದೆ, ಹಳೇ ಗಾಡಿಯ ರಿಪೇರಿಯೂ ಅಷ್ಟೇ ಹೆಚ್ಚು ಬರುತ್ತದೆ, ಅಂತರ ಕರಗಿಹೋಗುತ್ತದೆ.

ಕರ್ನಾಟಕದಲ್ಲಿ ಈ ಲೆಕ್ಕಕ್ಕೆ ಇನ್ನೊಂದು ಎಳೆ ಇದೆ. ನಮ್ಮ ಜೀವಾವಧಿ ತೆರಿಗೆ ದೇಶದಲ್ಲೇ ಹೆಚ್ಚಿನವುಗಳಲ್ಲಿ ಒಂದು: 5ರಿಂದ 10 ಲಕ್ಷದ ಕಾರಿಗೆ ಶೇ 14, 10ರಿಂದ 20 ಲಕ್ಷದ್ದಕ್ಕೆ ಶೇ 17, ಅದರ ಮೇಲೆ ಸೆಸ್ಸು. ಹಳೇ ಗಾಡಿಗೆ ಆ ತೆರಿಗೆ ಎಂದೋ ಕಟ್ಟಿಯಾಗಿದೆ. ಹೊಸದು ತಂದ ದಿನ ಮತ್ತೆ ಒಂದೂವರೆ ಎರಡು ಲಕ್ಷ ತೆರಿಗೆಗೇ ಹೋಗುತ್ತದೆ, ಮಾರುವಾಗ ಅದರಲ್ಲಿ ಬಹುಪಾಲು ವಾಪಸು ಬರುವುದಿಲ್ಲ. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಇಳಿದಿರುವುದು ನಿಜ. ನಾಲ್ಕು ಮೀಟರಿಗಿಂತ ಗಿಡ್ಡವಾಗಿದ್ದು 1500 ಸಿಸಿ ಒಳಗಿನ ಡೀಸೆಲ್ ಇಂಜಿನ್ ಇರುವ ಗಾಡಿಗಳು, ಈಗಿನ ಬೊಲೆರೊ ಈ ಗುಂಪಿನದು, ಶೇ 31ರಿಂದ 18ಕ್ಕೆ ಇಳಿದವು; ದೊಡ್ಡ ಎಸ್‌ಯುವಿಗಳಿಗೆ ಸೆಸ್ ಸೇರಿ ಶೇ 50ರವರೆಗೆ ಇದ್ದದ್ದು 40 ಆಯಿತು. ಷೋರೂಮಿನವರು ಇಷ್ಟನ್ನು ಹೇಳುತ್ತಾರೆ. ಅದೇ ದಿನ ವಾಹನದ ಬಿಡಿಭಾಗಗಳ ಮೇಲಿನ ತೆರಿಗೆಯೂ ಶೇ 28ರಿಂದ 18ಕ್ಕೆ ಇಳಿಯಿತು ಎಂಬುದನ್ನು ಯಾಕೋ ಹೇಳುವುದಿಲ್ಲ.

ಇಷ್ಟು ಓದಿ ಸೀದಾ ಇಂಜಿನ್ ಇಳಿಸಲು ಹೇಳಬೇಡಿ. ಹಣದ ಲೆಕ್ಕ ರಿಪೇರಿಯ ಕಡೆ ವಾಲಿದರೂ, ಗಾಡಿ ಆ ರಿಪೇರಿಗೆ ಯೋಗ್ಯವೇ ಎಂದು ಹೇಳಬೇಕಾದದ್ದು ಇಂಜಿನ್ ಅಲ್ಲ, ಚಾಸಿಸ್ಸು.

ಬೊಲೆರೊ, ಸ್ಕಾರ್ಪಿಯೊ, ಸುಮೊ, ಕ್ವಾಲಿಸ್, ಇನ್ನೋವಾ, ಫಾರ್ಚುನರ್ ಇವೆಲ್ಲ ಉದ್ದಕ್ಕೆ ಎರಡು ಉಕ್ಕಿನ ತೊಲೆ, ಅಡ್ಡಕ್ಕೆ ಪಟ್ಟಿಗಳು ಇರುವ ಚಾಸಿಸ್ಸಿನ ಮೇಲೆ ಬಾಡಿ ಕೂರಿಸಿದ ಗಾಡಿಗಳು. ಇಂಜಿನ್ನಿಗೆ ಬೋರ್ ಮಾಡಿಸಬಹುದು, ಗೇರ್‌ಬಾಕ್ಸ್ ಬದಲಿಸಬಹುದು, ಬಾಗಿಲು ಬೇಕಾದರೆ ಬೇರೆ ತಂದು ಹಾಕಬಹುದು. ತೊಲೆಯೇ ತುಕ್ಕು ತಿಂದರೆ ಊರ ಗ್ಯಾರೇಜಿನಲ್ಲಿ ಮಾಡುವಂಥದ್ದು ಏನೂ ಇಲ್ಲ. ತೂತಾದ ಜಾಗಕ್ಕೆ ತಗಡಿಟ್ಟು ವೆಲ್ಡಿಂಗ್ ಮಾಡುತ್ತಾರೆ, ಕಣ್ಣಿಗೆ ಗಟ್ಟಿಯಾಗಿಯೇ ಕಾಣುತ್ತದೆ. ಆದರೆ ವೆಲ್ಡಿಂಗ್ ಹಿಡಿಯಲು ಅಕ್ಕಪಕ್ಕದ ಉಕ್ಕು ಗಟ್ಟಿ ಇರಬೇಕಲ್ಲ. ತುಕ್ಕು ಹತ್ತುವುದು ತೊಲೆಯ ಒಳಗಿನಿಂದ. ಹೊರಗೆ ಬೊಟ್ಟಿನಷ್ಟು ಕಂಡರೆ ಒಳಗೆ ಅಂಗೈಯಷ್ಟು ಹರಡಿರುತ್ತದೆ. ಡಸ್ಟರ್, ಎಕೋಸ್ಪೋರ್ಟ್, ಎಕ್ಸ್‌ಯುವಿ 500 ಥರದ ಗಾಡಿಗಳಿಗೆ ಬೇರೆ ಚಾಸಿಸ್ ಇಲ್ಲ, ಬಾಡಿಯೇ ಚಾಸಿಸ್. ಅವುಗಳಲ್ಲಿ ಬಾಗಿಲ ಕೆಳಗಿನ ಪಟ್ಟಿ, ಶಾಕ್ ಅಬ್ಸಾರ್ಬರ್ ಬಂದು ಕೂರುವ ಮೇಲ್ತುದಿ ತುಕ್ಕು ಹಿಡಿದರೆ ಇನ್ನೂ ಕಷ್ಟ.

ನಮ್ಮ ಕಡೆ ತುಕ್ಕಿಗೆ ಮಳೆಯೊಂದನ್ನೇ ದೂರುವುದು ವಾಡಿಕೆ. ಮಳೆಯದ್ದು ಅರ್ಧ ಪಾಲು ಮಾತ್ರ ಎಂಬುದು ನನ್ನ ಅಭಿಪ್ರಾಯ. ಇನ್ನರ್ಧ ನಾವು ಗಾಡಿಯಲ್ಲಿ ಏನು ಸಾಗಿಸುತ್ತೇವೆ ಎಂಬುದರಲ್ಲಿದೆ. ಕೊಳೆರೋಗಕ್ಕೆ ಬೋರ್ಡೋ ಹೊಡೆಯುವ ಕಾಲದಲ್ಲಿ ಹಿಂದಿನ ಸೀಟು ಮಡಚಿ ಮೈಲುತುತ್ತದ ಚೀಲ ತರುವುದು ಸಾಮಾನ್ಯ. ಬೋರ್ಡೋ ದ್ರಾವಣವನ್ನು ಕಬ್ಬಿಣದ ಪಾತ್ರೆಯಲ್ಲಿ ಬೆರೆಸಬಾರದೆಂದು ತೋಟದವರೆಲ್ಲರಿಗೂ ಗೊತ್ತು, ಮೈಲುತುತ್ತ ಕಬ್ಬಿಣವನ್ನು ತಿನ್ನುತ್ತದೆ. ಅದೇ ಮೈಲುತುತ್ತ ಚೀಲದಿಂದ ಉದುರಿ ಮ್ಯಾಟಿನ ಕೆಳಗೆ ಸೇರಿ, ಒದ್ದೆ ಕಾಲಿನ ನೀರಿಗೆ ಕರಗಿದಾಗ ನೆಲದ ತಗಡನ್ನು ಬಿಡುತ್ತದೆಯೇ? ಗೊಬ್ಬರದ ಪೊಟ್ಯಾಷ್ ಇನ್ನೂ ಕೆಟ್ಟದ್ದು. ಅದು ಕ್ಲೋರೈಡ್, ಉಪ್ಪಿನ ಜಾತಿ. ಗಾಳಿಯ ತೇವವನ್ನು ಎಳೆದುಕೊಂಡು ಸುಮ್ಮನೆ ಕೂತಿರುತ್ತದೆ. ಕರಾವಳಿಯ ಗಾಡಿಗಳಿಗೆ ಸಮುದ್ರದ ಗಾಳಿ ಮಾಡುವ ಕೆಲಸವನ್ನು ಇಲ್ಲಿ ಗೊಬ್ಬರದ ಚೀಲ ಮಾಡುತ್ತದೆ. ಪ್ಲಾಸ್ಟಿಕ್ ಹಾಳೆ ಹಾಸಿ ಚೀಲ ಇಟ್ಟಿದ್ದರೆ ಗಾಡಿಗೆ ನಾಲ್ಕು ವರ್ಷ ಆಯಸ್ಸು ಹೆಚ್ಚುತ್ತಿತ್ತೋ ಏನೋ.

ಆದ್ದರಿಂದ ಇಂಜಿನ್ನಿನ ಮಾತಿಗೆ ಮುಂಚೆ ಗಾಡಿಯನ್ನು ಚೆನ್ನಾಗಿ ತೊಳೆಸಿ, ಕೆಸರು ಪೂರ್ತಿ ಬಿಟ್ಟ ಮೇಲೆ ಲಿಫ್ಟಿಗೆ ಏರಿಸಿ. ಲಿಫ್ಟ್ ಇಲ್ಲದಿದ್ದರೆ ಗುಂಡಿಯ ಮೇಲೆ ನಿಲ್ಲಿಸಿ. ಸಣ್ಣ ಸುತ್ತಿಗೆಯಿಂದ ತೊಲೆಯ ಉದ್ದಕ್ಕೂ ತಟ್ಟುತ್ತ ಹೋಗಬೇಕು. ಗಟ್ಟಿ ಉಕ್ಕು ಠಣ್ ಎನ್ನುತ್ತದೆ; ತುಕ್ಕು ತಿಂದದ್ದು ಮಂಕಾಗಿ ಸದ್ದು ಮಾಡುತ್ತದೆ, ಒಳಗಿನಿಂದ ಪುಡಿ ಉದುರುತ್ತದೆ. ಹೆಚ್ಚು ಗಮನ ಬೇಕಾದದ್ದು ಹಿಂದಿನ ಚಕ್ರದ ಮೇಲ್ಭಾಗಕ್ಕೆ, ಸ್ಪ್ರಿಂಗ್ ಪ್ಲೇಟು ಚಾಸಿಸ್ಸಿಗೆ ಸೇರುವ ಜಾಗಕ್ಕೆ, ಬಾಡಿ ಬೋಲ್ಟುಗಳ ಸುತ್ತ, ರೇಡಿಯೇಟರ್ ಕೆಳಗಿನ ಅಡ್ಡಪಟ್ಟಿಗೆ. ಆಮೇಲೆ ಒಳಗೆ ಮ್ಯಾಟ್ ಎತ್ತಿ ನೋಡಿ. ಕೆಳಗೆಲ್ಲ ಹೊಸದಾಗಿ ಕಪ್ಪು ಕೋಟಿಂಗ್ ಹೊಡೆಸಿದ್ದರೆ ಅನುಮಾನ ಜಾಸ್ತಿ ಇಟ್ಟುಕೊಳ್ಳಿ, ಸೆಕೆಂಡ್ ಹ್ಯಾಂಡ್ ಗಾಡಿ ನೋಡುವಾಗಂತೂ. ತುಕ್ಕಿನ ಮೇಲೆ ಬಳಿದ ಕೋಟಿಂಗ್ ತುಕ್ಕನ್ನು ನಿಲ್ಲಿಸುವುದಿಲ್ಲ, ಮುಚ್ಚುತ್ತದೆ.

ತೊಲೆ ಹೋಗಿದ್ದರೆ ನನ್ನ ತೀರ್ಪು ಸರಳ: ಆ ಗಾಡಿಗೆ ಕ್ಲಚ್ ಪ್ಲೇಟನ್ನೂ ಹಾಕಿಸಬೇಡಿ. ತೊಲೆ ಗಟ್ಟಿ ಇದೆಯೋ, ಮುಂದಿನ ಮಾತಿಗೆ ಹೋಗಬಹುದು.

ಮುಂದಿನ ಮಾತು ಇಂಜಿನ್ನಿನದೇ, ಆದರೆ ‘ಇಂಜಿನ್ ಹೋಗಿದೆ’ ಎಂಬ ಮಾತನ್ನು ಬಿಚ್ಚದೇ ನಂಬಬಾರದು, ಬಿಚ್ಚುವುದಕ್ಕೂ ಅವಸರ ಬೇಡ. ಹೊಗೆಯ ಬಣ್ಣ ಎಷ್ಟೋ ಹೇಳುತ್ತದೆ. ಕಪ್ಪು ಹೊಗೆ ಎಂದರೆ ಡೀಸೆಲ್ ಪೂರ್ತಿ ಉರಿಯುತ್ತಿಲ್ಲ. ಏರ್ ಫಿಲ್ಟರ್ ಕಟ್ಟಿರಬಹುದು, ಟರ್ಬೊ ಪೈಪು ಸೀಳಿರಬಹುದು, ನಾಜಲ್ ಕೆಟ್ಟಿರಬಹುದು. ಇವು ಯಾವುವೂ ಇಂಜಿನ್ ಇಳಿಸುವ ಕೆಲಸಗಳಲ್ಲ. ನೀಲಿ ಹೊಗೆ ಎಂದರೆ ಆಯಿಲ್ ಸುಡುತ್ತಿದೆ, ರಿಂಗ್ ಅಥವಾ ವಾಲ್ವ್ ಸೀಲ್, ಕೆಲವೊಮ್ಮೆ ಟರ್ಬೊ. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದೆ, ಕೂಲೆಂಟ್ ದಿನದಿನ ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್. ಇಂಜಿನ್ ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳ ತೆಗೆದರೆ ಹೊಗೆ ಬುಸುಬುಸು ಎಂದು ನುಗ್ಗುತ್ತಿದೆಯೇ ನೋಡುವುದು ಮೆಕ್ಯಾನಿಕ್‌ಗಳ ಹಳೇ ಪರೀಕ್ಷೆ, ಒಳ್ಳೆಯ ಪರೀಕ್ಷೆಯೂ ಹೌದು. ಅದಕ್ಕಿಂತ ಖಚಿತವಾದದ್ದು ಕಂಪ್ರೆಷನ್ ಟೆಸ್ಟ್. ಒಂದೊಂದು ಸಿಲಿಂಡರಿನ ಒತ್ತಡ ಅಳೆದು ಬರೆದುಕೊಡುತ್ತಾರೆ, ಅರ್ಧ ದಿನದ ಕೆಲಸ. ಒಂದೂವರೆ ಲಕ್ಷ ಖರ್ಚು ಮಾಡುವ ಮುಂಚೆ ಇದನ್ನು ಒಂದು ಕಡೆ ಮಾಡಿಸಿ, ಶಿವಮೊಗ್ಗದ ಆಟೋ ಕಾಂಪ್ಲೆಕ್ಸಿನಲ್ಲೋ ಸಾಗರದಲ್ಲೋ ಇನ್ನೊಬ್ಬರ ಹತ್ತಿರವೂ ತೋರಿಸುವುದರಲ್ಲಿ ಅವಮಾನವಿಲ್ಲ. ಊರಿನ ಮೆಕ್ಯಾನಿಕ್ ಬೇಸರ ಮಾಡಿಕೊಂಡಾನು ಎಂಬ ಮುಲಾಜಿಗೆ ಇಂಜಿನ್ ಬಿಚ್ಚಿಸಿದವರು ಎಷ್ಟೋ ಮಂದಿ.

ಎಸ್ಟಿಮೇಟನ್ನು ಬರೆಸಿಕೊಳ್ಳಿ. ಬೋರ್, ಪಿಸ್ಟನ್, ರಿಂಗ್, ಬೇರಿಂಗ್, ಹೆಡ್ ಫೇಸಿಂಗ್, ಲೇತಿನ ಕೂಲಿ ಬೇರೆ ಬೇರೆ ಸಾಲಿನಲ್ಲಿ ಇರಲಿ, ಯಾವ ಕಂಪನಿಯ ಭಾಗ ಎಂಬುದೂ ಇರಲಿ. ತೆಗೆದ ಹಳೇ ಭಾಗಗಳನ್ನು ಕೇಳಿ ಪಡೆಯಿರಿ.

ಟೈರ್, ಬ್ಯಾಟರಿ, ಬ್ರೇಕ್ ಪ್ಯಾಡ್, ಕ್ಲಚ್, ಶಾಕ್ ಅಬ್ಸಾರ್ಬರ್, ಬುಷ್ ಇವೆಲ್ಲ ಸವೆಯಲೆಂದೇ ಇರುವ ಭಾಗಗಳು. ಹೊಸ ಗಾಡಿಗೂ ನಾಲ್ಕಾರು ವರ್ಷದಲ್ಲಿ ಬೇಕಾಗುವಂಥವು. ಇವು ಒಟ್ಟಿಗೆ ಬಂದವೆಂದು ಗಾಡಿ ಮಾರುವುದು ತಪ್ಪು ಕಾರಣಕ್ಕೆ ಮಾರಿದಂತೆ. ಇದರ ತಿರುಗುಮುರುಗು ತಪ್ಪೂ ಇದೆ: ‘ಮೊನ್ನೆ ತಾನೆ ನಾಲ್ಕೂ ಟೈರ್ ಹಾಕಿಸಿದ್ದೇನೆ, ಈಗ ಹೇಗೆ ಮಾರುವುದು?’ ಟೈರಿಗೆ ಹೋದ ದುಡ್ಡು ಹೋಯಿತು. ಇನ್ನು ಮುಂದೆ ಹೋಗುವ ದುಡ್ಡನ್ನಷ್ಟೇ ಎಣಿಸಬೇಕು.

ಬಿಡಿಭಾಗ ಸಿಗುವುದು ಇನ್ನೊಂದು ವಿಷಯ. ಹಳೇ ಬೊಲೆರೊದ 2523 ಸಿಸಿ ಇಂಜಿನ್ನಿನ ಭಾಗ ತಾಲ್ಲೂಕು ಕೇಂದ್ರಗಳ ಅಂಗಡಿಯಲ್ಲೇ ಸಿಗುತ್ತದೆ, ಅದನ್ನು ಕಣ್ಣು ಮುಚ್ಚಿ ಬಿಚ್ಚುವ ಕೈಗಳೂ ಇವೆ. ಕಾಮನ್ ರೈಲ್ ಡೀಸೆಲ್ ಇಂಜಿನ್ ಬಂದ ಮೇಲೆ ಸೆನ್ಸರ್, ಇಸಿಯು, ಇಂಜೆಕ್ಟರ್ ಸೇರಿಕೊಂಡವು. ಇಂಜೆಕ್ಟರ್ ಹೊಸದಾದರೆ ಒಂದೊಂದಕ್ಕೇ ಹತ್ತು ಸಾವಿರ ದಾಟುತ್ತದೆ, ಸ್ಕ್ಯಾನರ್ ಇಲ್ಲದೆ ಕೈಹಾಕುವಂತಿಲ್ಲ. ಷೆವರ್ಲೆ ಟವೆರಾ ಇಟ್ಟುಕೊಂಡವರು, ಫೋರ್ಡ್ ಎಂಡೆವರ್, ಎಕೋಸ್ಪೋರ್ಟ್ ಇಟ್ಟುಕೊಂಡವರು ಇನ್ನಷ್ಟು ಯೋಚಿಸಬೇಕು. ಜನರಲ್ ಮೋಟರ್ಸ್ ಇಲ್ಲಿ ಮಾರಾಟ ನಿಲ್ಲಿಸಿದ್ದು 2017ರ ಕೊನೆಗೆ, ಫೋರ್ಡ್ ತಯಾರಿಕೆ ನಿಲ್ಲಿಸುವುದಾಗಿ ಹೇಳಿದ್ದು 2021ರ ಸೆಪ್ಟೆಂಬರಿನಲ್ಲಿ. ಒಂದು ಸೆನ್ಸರಿಗಾಗಿ ವಾರಗಟ್ಟಲೆ ಕಾಯುವ ಗಾಡಿ, ಮನೆಯಲ್ಲಿ ಇರುವ ಒಂದೇ ಗಾಡಿಯಾದರೆ, ಅದರ ಖರ್ಚು ಬಿಲ್ಲಿಗಿಂತ ದೊಡ್ಡದು. ಅಂದಹಾಗೆ, ಅಡಿಕೆ ಸಿಪ್ಪೆ ರಾಶಿ ಹಾಕಿದ ಕೊಟ್ಟಿಗೆಯಲ್ಲಿ ಗಾಡಿ ನಿಲ್ಲಿಸುವವರ ವೈರಿಂಗನ್ನು ಇಲಿ ಕಡಿಯುವುದು ಸೆನ್ಸರ್ ಕೆಡುವುದಕ್ಕಿಂತ ಹೆಚ್ಚು. ಎಚ್ಚರಿಕೆಯ ದೀಪ ಹತ್ತಿದ ಕೂಡಲೇ ಇಸಿಯು ಬದಲಿಸಲು ಒಪ್ಪದೆ ವೈರನ್ನು ಮೊದಲು ನೋಡಿಸಿ.

ಹದಿನೈದು ವರ್ಷವಾದರೆ ಗಾಡಿಯನ್ನು ಗುಜರಿಗೇ ಹಾಕಬೇಕು, ಡೀಸೆಲ್ಲಾದರೆ ಹತ್ತೇ ವರ್ಷ ಎಂಬ ಮಾತು ಊರೂರಲ್ಲಿ ಓಡಾಡುತ್ತಿದೆ. ಇದನ್ನೇ ನಂಬಿ ಒಳ್ಳೆಯ ಗಾಡಿಯನ್ನು ಮೂರು ಕಾಸಿಗೆ ಕೊಟ್ಟವರಿದ್ದಾರೆ. ಹತ್ತು ವರ್ಷದ ಮಾತು ದೆಹಲಿ ಮತ್ತು ಅದರ ಸುತ್ತಲಿನ ಪ್ರದೇಶದ್ದು, ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ 2015ರ ಆದೇಶದಿಂದ ಹುಟ್ಟಿದ್ದು. ಗುಡವಿಗೆ ಅದು ಅನ್ವಯಿಸುವುದಿಲ್ಲ. 15 ವರ್ಷ ತುಂಬಿದ ಸರ್ಕಾರಿ ಗಾಡಿಗಳ ನೋಂದಣಿ 2023ರ ಏಪ್ರಿಲ್ 1ರಿಂದ ರದ್ದಾಗುತ್ತಿದೆ, ಅರಣ್ಯ ಇಲಾಖೆಯಂಥ ಕಡೆ ಹಳೇ ಜೀಪುಗಳು ಮೂಲೆ ಸೇರಿದ್ದು ಹಾಗೆ. ಖಾಸಗಿ ಗಾಡಿಗೆ ನಿಯಮ ಬೇರೆ. ಮೋಟಾರು ವಾಹನ ಕಾಯ್ದೆಯ ಪ್ರಕಾರ ಆರ್‌ಸಿ 15 ವರ್ಷಕ್ಕೆ ಮುಗಿಯುತ್ತದೆ. ಗಾಡಿ ತಪಾಸಣೆಯಲ್ಲಿ ಪಾಸಾದರೆ ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಬಹುದು. ಕೆಎ-15ರ ಗಾಡಿಗಳಿಗೆ ಇದು ಸಾಗರದ ಆರ್‌ಟಿಒ ಕಚೇರಿಯ ಕೆಲಸ. ಶುಲ್ಕ ಮೊದಲಿನಂತೆ ಆರುನೂರು ರೂಪಾಯಿಯಲ್ಲ, 2022ರ ಏಪ್ರಿಲಿನಿಂದ ಕಾರಿಗೆ 5,000. ಇಪ್ಪತ್ತು ವರ್ಷ ದಾಟಿದ್ದಕ್ಕೆ 2025ರ ಆಗಸ್ಟಿನಲ್ಲಿ ಅದನ್ನು 10,000 ಮಾಡಿದರು. ಇದರ ಜೊತೆ ಹಸಿರು ತೆರಿಗೆ ಇದೆ. ತಡ ಮಾಡಿದರೆ ತಿಂಗಳಿಗೆ 500ರಂತೆ ದಂಡ. ಅರ್ಜಿಯನ್ನು ಅವಧಿ ಮುಗಿಯುವ 60 ದಿನ ಮುಂಚಿನಿಂದ ಕೊಡಬಹುದು. 13ನೇ, 14ನೇ ವರ್ಷದಲ್ಲಿ ದೊಡ್ಡ ರಿಪೇರಿ ಬಂದರೆ ಈ ಖರ್ಚನ್ನೂ ತಪಾಸಣೆಯನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು. ಚಾಸಿಸ್ ಗಟ್ಟಿ ಇಲ್ಲದ ಗಾಡಿ ಅಲ್ಲೂ ನಿಲ್ಲುವುದಿಲ್ಲ.

ಇಲ್ಲಿಯವರೆಗಿನ ಎಲ್ಲ ಮಾತನ್ನೂ ಪಕ್ಕಕ್ಕೆ ಇಡಿಸುವ ಒಂದು ವಿಷಯವಿದೆ. ಕಾರುಗಳಿಗೆ ಎಬಿಎಸ್ ಕಡ್ಡಾಯವಾದದ್ದು 2019ರ ಏಪ್ರಿಲಿನಲ್ಲಿ. ಚಾಲಕನ ಏರ್‌ಬ್ಯಾಗ್ ಅದೇ ವರ್ಷ ಜುಲೈನಲ್ಲಿ, ಪಕ್ಕದ ಸೀಟಿನದು 2022ರ ಜನವರಿಯಲ್ಲಿ. ಅದಕ್ಕೂ ಹಿಂದಿನ ನಮ್ಮ ಬಹಳಷ್ಟು ಗಾಡಿಗಳಲ್ಲಿ ಇವು ಯಾವುವೂ ಇಲ್ಲ, ಹಿಂದೆ ಎದುರುಬದುರು ಕೂರುವ ಸೀಟಿಗೆ ಬೆಲ್ಟೂ ಇಲ್ಲ. ಎಬಿಎಸ್, ಏರ್‌ಬ್ಯಾಗುಗಳನ್ನು ಯಾವ ಗ್ಯಾರೇಜಿನಲ್ಲೂ ಆಮೇಲೆ ಹಾಕಿಸಲಾಗುವುದಿಲ್ಲ. ತೋಟಕ್ಕೂ ಸೊರಬಕ್ಕೂ ಮೂವತ್ತು ನಲವತ್ತರ ವೇಗದಲ್ಲಿ ಓಡುವ ಗಾಡಿಗೆ ಇದು ದೊಡ್ಡ ಕೊರತೆಯಲ್ಲ ಎನ್ನಬಹುದು. ವಾರವಾರ ಮಕ್ಕಳನ್ನು ಕೂರಿಸಿಕೊಂಡು ರಾತ್ರಿ ಹೊತ್ತು ಹುಬ್ಬಳ್ಳಿಗೋ ಬೆಂಗಳೂರಿಗೋ ಹೋಗುವ ಮನೆಯಾದರೆ ನನ್ನ ಸಲಹೆ ಬದಲಾಗುತ್ತದೆ. ಇಂಜಿನ್ ಎಷ್ಟೇ ಚೆನ್ನಾಗಿರಲಿ, ಆ ಗಾಡಿಯನ್ನು ತೋಟಕ್ಕೆ ಬಿಟ್ಟು ಹೆದ್ದಾರಿಗೆ ಬೇರೆ ನೋಡಿ.

ಬೇರೆ ಎಂದರೆ ಷೋರೂಮಿನದ್ದೇ ಆಗಬೇಕಿಲ್ಲ. ಐದಾರು ವರ್ಷ ಓಡಿದ, ಎಬಿಎಸ್ ಮತ್ತು ಏರ್‌ಬ್ಯಾಗ್ ಇರುವ ಗಾಡಿಯ ಮೊದಲ ಸವಕಳಿಯನ್ನು ಬೇರೆಯವರು ಕೊಟ್ಟಾಗಿರುತ್ತದೆ, ಕರ್ನಾಟಕದ್ದೇ ಆದರೆ ಜೀವಾವಧಿ ತೆರಿಗೆಯೂ ಕಟ್ಟಿರುತ್ತದೆ. ಹೊರ ರಾಜ್ಯದ ನಂಬರಿನ ಅಗ್ಗದ ಗಾಡಿಗೆ ಮರುಳಾಗಬೇಡಿ. ಎನ್‌ಒಸಿ ತಂದು, ಇಲ್ಲಿನ ತೆರಿಗೆ ಕಟ್ಟಿ ಮುಗಿಸುವಾಗ ಅಗ್ಗ ಎಂಬುದು ಉಳಿಯುವುದಿಲ್ಲ. ನೆರೆಯಲ್ಲಿ ಮುಳುಗಿ ಎದ್ದ ಗಾಡಿಗಳೂ ಹೀಗೇ ಊರು ಬದಲಿಸುತ್ತವೆ. ಸೀಟಿನ ಕೆಳಗಿನ ಬೋಲ್ಟು ತುಕ್ಕು ಹಿಡಿದಿದ್ದರೆ, ಬೆಲ್ಟನ್ನು ಪೂರ್ತಿ ಎಳೆದಾಗ ಕೊನೆಯಲ್ಲಿ ಕೆಸರಿನ ಗೆರೆ ಕಂಡರೆ ಅಲ್ಲಿಗೇ ಬಿಡಿ. ಹೊಸ ಡೀಸೆಲ್ಲೇ ಬೇಕೆನ್ನುವವರಿಗೆ ಒಂದು ಮಾತು. 2020ರ ನಂತರದ ಬಿಎಸ್-6 ಡೀಸೆಲ್ ಗಾಡಿಗಳಲ್ಲಿ ಸೈಲೆನ್ಸರಿನ ದಾರಿಯಲ್ಲಿ ಮಸಿ ಹಿಡಿಯುವ ಡಿಪಿಎಫ್ ಎಂಬ ಫಿಲ್ಟರ್ ಇರುತ್ತದೆ. ಆಗಾಗ ಹದಿನೈದು ಇಪ್ಪತ್ತು ನಿಮಿಷ ಒಂದೇ ಓಟದಲ್ಲಿ ವೇಗವಾಗಿ ಓಡಿದರೆ ಮಾತ್ರ ಅದು ತನ್ನೊಳಗಿನ ಮಸಿಯನ್ನು ಸುಟ್ಟುಕೊಳ್ಳುತ್ತದೆ. ದಿನವೂ ಹಾಲಿನ ಡೇರಿಗೆ, ಶಾಲೆಗೆ, ತೋಟಕ್ಕೆ ಮೂರು ನಾಲ್ಕು ಕಿಲೋಮೀಟರ್ ಓಡಿ ನಿಲ್ಲುವ ಗಾಡಿಯಲ್ಲಿ ಅದು ಕಟ್ಟಿಕೊಳ್ಳುತ್ತದೆ, ಖರ್ಚಿಗೆ ಬರುತ್ತದೆ. ಅಂಥವರಿಗೆ ಪೆಟ್ರೋಲ್ ಒಳ್ಳೆಯದು.

ತೀರ್ಮಾನ ಮಾಡುವ ಕಾಲವೂ ಮುಖ್ಯ. ಎರಡು ಹೊತ್ತಿನಲ್ಲಿ ತೀರ್ಮಾನ ಕೆಡುತ್ತದೆ: ಜುಲೈ ಮಳೆಯಲ್ಲಿ ಗಾಡಿ ದಾರಿಯಲ್ಲಿ ನಿಂತ ದಿನ, ಮತ್ತು ಮಂಡಿಯಿಂದ ಅಡಿಕೆಯ ದುಡ್ಡು ಬಂದ ವಾರ. ಮೊದಲನೆಯದರಲ್ಲಿ ಸಿಟ್ಟು, ಎರಡನೆಯದರಲ್ಲಿ ಹುರುಪು. ಲಿಫ್ಟಿಗೆ ಏರಿಸಿ ನೋಡುವ ಕೆಲಸವನ್ನು ಏಪ್ರಿಲ್‌ನಲ್ಲೇ ಮುಗಿಸಿಕೊಂಡರೆ, ರಿಪೇರಿಯಾದರೂ ಖರೀದಿಯಾದರೂ ಬೆಲೆ ಕೇಳಿ, ವಿಚಾರಿಸಿ ಮಾಡಲು ಮಳೆಗೆ ಮುಂಚೆ ಒಂದೂವರೆ ತಿಂಗಳು ಸಿಗುತ್ತದೆ. ಅಪ್ಪ ತಂದ ಗಾಡಿ, ಮದುವೆಯ ದಿಬ್ಬಣ ಹೋದ ಗಾಡಿ ಎಂದು ಇಟ್ಟುಕೊಳ್ಳುವವರ ಮೇಲೆ ನನಗೆ ತಕರಾರಿಲ್ಲ. ಆ ಪ್ರೀತಿಗೆ ವರ್ಷಕ್ಕೆ ಎಷ್ಟು ಕೊಡುತ್ತಿದ್ದೇವೆ ಎಂಬುದು ಗೊತ್ತಿದ್ದರೆ ಸಾಕು.

ಕೊನೆಗೆ ಮಾರುವುದೇ ಎಂದಾದರೆ, ದಯವಿಟ್ಟು ಒಂದು ಕೆಲಸ ಮರೆಯಬೇಡಿ. ಸಹಿ ಹಾಕಿದ ಖಾಲಿ ಫಾರಂ ಕೊಟ್ಟು, ದುಡ್ಡು ಎಣಿಸಿಕೊಂಡು ಸುಮ್ಮನಾಗುವ ಅಭ್ಯಾಸ ನಮ್ಮಲ್ಲಿದೆ. ಗಾಡಿ ಕೈಬದಲಾದರೂ ಆರ್‌ಸಿಯಲ್ಲಿ ಹೆಸರು ಬದಲಾಗದಿದ್ದರೆ, ಅಪಘಾತದ ಪರಿಹಾರಕ್ಕೆ ದಾಖಲೆಯಲ್ಲಿರುವ ಮಾಲೀಕನೇ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರ ನವೀನ್ ಕುಮಾರ್ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ. ಮೂರು ಕೈ ದಾಟಿದ, ವಿಮೆ ಮುಗಿದ ಹಳೇ ಗಾಡಿ ಎಲ್ಲೋ ಯಾರಿಗೋ ಗುದ್ದಿದರೆ ನೋಟಿಸು ಬರುವುದು ಗುಡವಿಯ ವಿಳಾಸಕ್ಕೆ. ಗುಜರಿಗೆ ಹಾಕುವುದಾದರೆ ನೋಂದಾಯಿತ ಸ್ಕ್ರ್ಯಾಪ್ ಕೇಂದ್ರಕ್ಕೇ ಕೊಟ್ಟು ಸರ್ಟಿಫಿಕೇಟ್ ಪಡೆದು ಆರ್‌ಸಿ ರದ್ದು ಮಾಡಿಸಿ. ಆ ಸರ್ಟಿಫಿಕೇಟಿನ ಮೇಲೆ ಹೊಸ ಗಾಡಿಯ ತೆರಿಗೆಯಲ್ಲಿ ರಿಯಾಯಿತಿಯೂ ಇದೆ, ಆರ್‌ಟಿಒದಲ್ಲಿ ಕೇಳಿ. ಬೇರೆಯವರಿಗೆ ಮಾರುವುದಾದರೆ ಫಾರಂ 29 ಮತ್ತು 30 ತುಂಬಿ, 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ಹೆಸರು ಬದಲಾಗಿದೆಯೇ ಎಂಬುದನ್ನು ಎಂಪರಿವಾಹನ್ ಆ್ಯಪಿನಲ್ಲಿ ಗಾಡಿಯ ನಂಬರು ಹಾಕಿ ಮನೆಯಲ್ಲೇ ನೋಡಬಹುದು.